ಒಂದು ಸೀಸೆ ತಿಳಿ

ಫೆಬ್ರವರಿ 11

ಅಪ್ಪನಿಗೆ,

ಫೋನಿನಲ್ಲಿ ನಿನ್ನ "ಹಾಂ? ಹಾಂ?" ಕೇಳಿ ಕೇಳಿ ಸಾಕಾಯಿತು. ಮೊನ್ನೆ ನಾನು "ಕೆಲಸ ಸಿಕ್ತು" ಅಂತ ಕೂಗಿದರೆ ನೀನು "ಯಾರು ಸತ್ರು?" ಅಂದೆ. ಬಸ್ ನಿಲ್ದಾಣದಲ್ಲಿದ್ದವರೆಲ್ಲ ನನ್ನನ್ನು ಅಯ್ಯೋ ಪಾಪ ಎಂದು ನೋಡಿದರು. ಗರಗಸದ ಮಿಲ್ಲು ನಿನ್ನ ಕಿವಿ ತಿಂದಿತು, ದಿಮ್ಮಿ ಉರುಳಿ ಕಾಲು ತಿಂದಿತು. ಕಣ್ಣಾದರೂ ನೆಟ್ಟಗಿದೆಯಲ್ಲ, ಅದಕ್ಕೇ ಇನ್ನು ಮೇಲೆ ಕಾಗದ.

ಯಾರೂ ಸತ್ತಿಲ್ಲ. ಕೆಲಸ ಸಿಕ್ಕಿದೆ. ಮರ ಹತ್ತುವ ಕೆಲಸ. ನಗಬೇಡ. ಇಲ್ಲೊಂದು ಸಂಶೋಧನಾ ಕೇಂದ್ರವಿದೆ. ಅದರ ಮೇಡಂ ಮರದ ತೊಗಟೆಯಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಂದು ಸಾಕುತ್ತಾರೆ. ಅವುಗಳಿಂದ ಹೊಸ ಮದ್ದು ಸಿಗಬಹುದು ಅಂತ. ಎತ್ತರದ ತೊಗಟೆ ತರಲು ಒಬ್ಬರು ಬೇಕಿತ್ತು.

"ಎಲ್ಲೀವರೆಗೆ ಓದಿದ್ದೀಯಾ?" ಅಂತ ಕೇಳಿದರು.

"ಒಂಬತ್ತನೇ ಕ್ಲಾಸು. ಅದೂ ಅರ್ಧ."

"ಯಾಕೆ ಬಿಟ್ಟೆ?"

"ಕೂರೋಕಾಗಲಿಲ್ಲ ಮೇಡಂ."

"ಮರದ ಮೇಲೆ ಕೂರ್ತೀಯಾ ಹಾಗಾದ್ರೆ?"

"ಅಲ್ಲಿ ಕೂರೋದಲ್ಲ ಮೇಡಂ, ಹಿಡ್ಕೊಳ್ಳೋದು."

ನಕ್ಕು ಕೆಲಸ ಕೊಟ್ಟರು. ಸೊಂಟಕ್ಕೆ ಪಟ್ಟಿ, ಹಗ್ಗ, ತಲೆಗೆ ಟೋಪಿ, ಕೈಗೊಂದು ಸಣ್ಣ ಉಳಿ. ಉಗುರಿನಷ್ಟು ತೊಗಟೆ ಎತ್ತಿ ಚೀಲಕ್ಕೆ ಹಾಕುವುದು, ಚೀಲದ ಮೇಲೆ ಮರ ಯಾವುದು, ಎಷ್ಟು ಎತ್ತರ ಎಂದು ಬರೆಯುವುದು. ಅಷ್ಟೆ.

ಮೊದಲ ದಿನವೇ ಎಡವಟ್ಟು ಮಾಡಿದೆ. ತಂದ ತೊಗಟೆಗಳೆಲ್ಲ ಧೂಳು, ಪಾಚಿ, ಹಕ್ಕಿ ಹಿಕ್ಕೆ. ದೊಡ್ಡವರಿಗೆ ಕೊಡುವುದಲ್ಲವಾ ಎಂದು ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆದು ಸಾಲಾಗಿ ಜೋಡಿಸಿಟ್ಟೆ. ಮೇಡಂ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. "ನಮಗೆ ಬೇಕಾಗಿದ್ದೇ ಆ ಕೊಳೆ ಕಣಮ್ಮಾ!" ಇಡೀ ದಿನ ಮರ ಹತ್ತಿದ್ದು ಮೋರಿಗೆ ಹೋಯಿತು. ಯಾರು ತೊಳೆದದ್ದು ಎಂದು ಅವರು ಕೇಳುವ ಮೊದಲೇ ನಾನೇ ಹೇಳಿದ್ದಕ್ಕೆ ಕೆಲಸ ಉಳಿಯಿತು ಅನ್ನಿಸುತ್ತದೆ.

ನಿನ್ನ ಕಾಲು ಹೇಗಿದೆ? ಕೀವು ನಿಂತಿತಾ? ಅತ್ತೆಯನ್ನು ಕೇಳಿದರೆ "ಇದ್ದ ಹಾಗೇ ಇದೆ" ಅನ್ನುತ್ತಾಳೆ. ನೀನೇ ಬರಿ.

ನಿನ್ನ
ಚಿಗಟ


ಫೆಬ್ರವರಿ 24

ಚಿಗಟಕ್ಕೆ,

ನಿನ್ನ ಕಾಗದವನ್ನು ಪಕ್ಕದ ಮಂಚದ ಬಸ್ ಡ್ರೈವರಿಗೂ ಓದಿ ಹೇಳಿದೆ. ಸೋಪು ಹಾಕಿದ ಕಡೆ ಅವನು ನಕ್ಕ ನಗುವಿಗೆ ನರ್ಸ್ ಓಡಿ ಬಂದಳು. ನನ್ನ ಮಗಳು ಮದ್ದು ಕಂಡುಹಿಡಿಯುವ ಕಡೆ ಕೆಲಸಕ್ಕಿದ್ದಾಳೆ ಎಂದು ಈಗ ವಾರ್ಡಿಗೆಲ್ಲ ಗೊತ್ತು. ನೀನು ಮರ ಹತ್ತುವವಳು ಮಾತ್ರ ಎಂದು ನಾನು ಹೇಳಲಿಲ್ಲ. ಅದು ಸುಳ್ಳಲ್ಲ, ಅರ್ಧ ಹೇಳಿದ್ದು.

ನನಗೆ ನಗು ಬರುವುದು ಬೇರೆಯದಕ್ಕೆ. ಮಿಲ್ಲಿಗೆ ದಿಮ್ಮಿ ಬಂದರೆ ನಾವು ಮೊದಲು ಮಾಡುವ ಕೆಲಸ ತೊಗಟೆ ಸುಲಿಯುವುದು. ಒಲೆಗೆ ಬೇಕಾದವರು ಒಯ್ಯುತ್ತಿದ್ದರು. ಉಳಿದದ್ದು ಹಿತ್ತಲಲ್ಲಿ ಕೊಳೆಯುತ್ತಿತ್ತು. ಜನ್ಮವೆಲ್ಲ ಅಪ್ಪ ಎಸೆದದ್ದನ್ನು ಮಗಳು ಹೆಕ್ಕಿ ಸಂಬಳ ತೆಗೆದುಕೊಳ್ಳುತ್ತಿದ್ದಾಳೆ.

ಕಾಲಿನದು ಹೇಳಬೇಕೆಂದರೆ, ಮುರಿದ ಮೂಳೆಗೆ ಹಾಕಿದ ಸರಳಿನ ಪಕ್ಕದಲ್ಲೇ ರೋಗದ ಹುಳ ಮನೆ ಮಾಡಿದೆ. ಮೂರನೇ ಮದ್ದು ನಡೆಯುತ್ತಿದೆ. ಮೊದಲಿನ ಎರಡನ್ನು ಅದು ಕುಡಿದು ಕೊಬ್ಬಿದೆ. "ಇದು ಯಾವ ಮದ್ದಿಗೂ ಬಗ್ಗದ ಜಾತಿ" ಎಂದು ಡಾಕ್ಟರು ಕಿವಿಯ ಹತ್ತಿರ ಬಂದು ಕೂಗಿದರು. ನನ್ನ ಮಗಳ ಜಾತಿಯೂ ಅದೇ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಹುಳದ ಹೆಸರು ಮಾರುದ್ದ ಇದೆ. ನರ್ಸ್ ಬರೆದುಕೊಟ್ಟ ಚೀಟಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮೇಡಂಗೆ ತೋರಿಸು. ಪರಿಚಯದವರೇನೋ ನೋಡೋಣ.

ನಿನ್ನ
ಅಪ್ಪ


ಮಾರ್ಚ್ 9

ಅಪ್ಪಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಬೈಯಬೇಡ.

ಚೀಟಿ ತೋರಿಸಿದೆ. ಮೇಡಂ ಅದನ್ನು ಕಿಟಕಿಯ ಹತ್ತಿರ ಒಯ್ದು ಓದಿದರು. ಆಮೇಲೆ "ಇದೇ ಜಾತಿಯದ್ದು ನಮ್ಮಲ್ಲೂ ಇದೆ, ಇದರ ಮೇಲೇ ನಾವು ಪರೀಕ್ಷೆ ಮಾಡೋದು" ಅಂದರು. ತೊಗಟೆಯೇ ಯಾಕೆ ಎಂದು ಅವತ್ತು ನನಗೆ ಬಿಡಿಸಿ ಹೇಳಿದರು. ತೊಗಟೆಯ ಮೇಲೆ ಬದುಕುವುದು ಸುಲಭವಲ್ಲ. ಬಿಸಿಲು, ಗಾಳಿ, ತಿನ್ನಲು ಏನೂ ಇಲ್ಲ. ಇರುವ ಬಿರುಕಿನೊಳಗೆ ಸಾವಿರ ಜೀವಿಗಳ ಜಗಳ, ಒಂದು ಇನ್ನೊಂದನ್ನು ದೂರವಿಡಲು ಏನೇನೋ ರಸ ಉಗುಳುತ್ತದೆ. "ಬಾಡಿಗೆ ಮನೆ ಜಗಳ ಇದ್ದ ಹಾಗೆ. ಆ ಉಗುಳೇ ನಮಗೆ ಬೇಕಾದ್ದು" ಅಂದರು.

ಹಳೆಯ ನೀರಿನ ಟ್ಯಾಂಕಿನ ಹಿಂದೆ ಒಂದು ಮರ ಇದೆ. ಅರ್ಧ ಒಣಗಿದೆ, ತೊಗಟೆ ಮುದುಕನ ಹಿಮ್ಮಡಿಯ ಹಾಗೆ ಒಡೆದಿದೆ. ಅದರಿಂದ ತಂದದ್ದರಲ್ಲಿ ಬಿಳಿ ಹಿಟ್ಟಿನಂಥ ಒಂದು ಜೀವಿ ಬೆಳೆಯಿತು. ಮುಚ್ಚಳ ತೆಗೆದರೆ ಒದ್ದೆ ಮಣ್ಣಿನ ವಾಸನೆ. ಅದನ್ನು ನಿನ್ನ ಹುಳದ ಜೊತೆ ಗಾಜಿನ ತಟ್ಟೆಯಲ್ಲಿ ಜಗಳಕ್ಕೆ ಬಿಟ್ಟರು.

ಇವತ್ತು ಬೆಳಗ್ಗೆ ನೋಡಿದರೆ ತಿಳಿ ಬಂದಿದೆ ಅಪ್ಪಾ! ನಿನ್ನ ಹುಳಕ್ಕೆ! ಬೇರೆ ಮರಗಳದ್ದು ಯಾವುದಕ್ಕೂ ಬರಲಿಲ್ಲ, ಇದಕ್ಕೆ ಬಂತು. ಒಳ್ಳೆಯ ತಿಳಿ, ಗಾಜಿನ ಹಾಗೆ. ಮೇಡಂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಪರೀಕ್ಷೆ ಮಾಡುವ ಅಕ್ಕ ನನ್ನ ಬೆನ್ನಿಗೆ ಗುದ್ದಿ "ನಿನ್ನ ಮರ ಕಣೇ!" ಅಂದಳು.

ಮದ್ದು ಅನ್ನಿಸಿಕೊಳ್ಳಲು ಇನ್ನೂ ಬಹಳ ದೂರ ಇದೆ ಎಂದೂ ಮೇಡಂ ಹೇಳಿದರು. ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ, ಅದಕ್ಕೆ ಬರೆದೆ.

ಆದರೂ ನಿನ್ನ ಹುಳ ಸತ್ತದ್ದನ್ನು ನಾನು ಕಣ್ಣಾರೆ ನೋಡಿದೆ.

ನಿನ್ನ
ಚಿಗಟ


ಮಾರ್ಚ್ 20

ಚಿಗಟಕ್ಕೆ,

ತಿಳಿ ಬಂದದ್ದು ಓದಿ ಬಹಳ ಸಂತೋಷವಾಯಿತು. ಬೇರೆ ಯಾರಾದರೂ ಬರೆದಿದ್ದರೆ ನಂಬುತ್ತಿರಲಿಲ್ಲ. ನೀನು ಬೆಣ್ಣೆ ಹಚ್ಚುವವಳಲ್ಲ. ಸ್ಕೂಲು ಬಿಟ್ಟ ದಿನ ಕೂಡ ಹೊಟ್ಟೆನೋವು ಎಂದು ಸುಳ್ಳು ಹೇಳದೆ "ಇನ್ನು ಹೋಗಲ್ಲ" ಎಂದು ಬಾಗಿಲಲ್ಲಿ ನಿಂತವಳು.

ದೂರ ಇದೆ ಎಂದು ನಿನ್ನ ಮೇಡಂ ಹೇಳಿದ್ದು ಸರಿಯೇ. ಅವರಿಗೆ ನನ್ನ ನಮಸ್ಕಾರ ಹೇಳು, ಅವಸರ ಮಾಡಬೇಡಿ ಎಂದೂ ಹೇಳು. ಹಸಿ ಹಲಗೆಯಲ್ಲಿ ಬಾಗಿಲು ಮಾಡಿಸಿದವನು ಆಮೇಲೆ ಬಾಗಿಲು ಮುಚ್ಚಲಾಗದೆ ಒದ್ದಾಡುತ್ತಾನೆ. ಹಲಗೆಗಳ ನಡುವೆ ಪಟ್ಟಿ ಕೊಟ್ಟು ಅಟ್ಟಿ ಹಾಕಿ ಸುಮ್ಮನಿರಬೇಕು. ಮಾಲಿಕ ಬಂದು ಕೂಗಾಡಿದರೂ ಒಣಗುವ ತನಕ ನಾನು ಮುಟ್ಟಲು ಬಿಟ್ಟವನಲ್ಲ. ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಡಾಕ್ಟರು ಮೊನ್ನೆ ಬಂದು ಬೇರೆ ಏನೋ ಹೇಳುತ್ತಿದ್ದರು. ನನ್ನ ಕಿವಿ ಗೊತ್ತಲ್ಲ, ಅರ್ಧ ಕೇಳಿಸಲಿಲ್ಲ, ಉಳಿದರ್ಧ ಕೇಳಿಸಿಕೊಳ್ಳಲಿಲ್ಲ. ನಿನ್ನ ವಿಷಯ ಅವರಿಗೆ ಹೇಳಿದ್ದೇನೆ.

ನಿನ್ನ
ಅಪ್ಪ


ಏಪ್ರಿಲ್ 18

ಅಪ್ಪಾ,

ತಡವಾಯಿತು. ಮೂರು ವಾರದಿಂದ ಕಾಡಿನ ಕಡೆ ಇದ್ದೇವೆ. ದಿನವೂ ಮರ. ಅಂಗೈ ನಿನ್ನ ಅಂಗೈಯ ಹಾಗೇ ಆಗಿದೆ. ಬೆಳಗ್ಗೆ ಮರದ ಮೇಲಿದ್ದರೆ ಸಂಜೆಯಾದದ್ದೇ ಗೊತ್ತಾಗುವುದಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ಕೆಲಸದಿಂದ ಓಡಿಹೋಗಬೇಕು ಅನ್ನಿಸಿಲ್ಲ.

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಹಲಗೆ ಒಣಗಿಸುವ ಮಾತು ಅವರಿಗೆ ಬಹಳ ಹಿಡಿಸಿತು. "ನಮ್ಮ ಮೇಲಿನವರಿಗೆ ನಿಮ್ಮಪ್ಪನ ಹತ್ರ ಪಾಠ ಹೇಳಿಸ್ಬೇಕು" ಅಂದರು.

ಆ ಮರದ್ದು ತಿಳಿ ಇನ್ನೂ ಸ್ವಲ್ಪವೇ ಬರುತ್ತಿದೆಯಂತೆ. ಆ ಜೀವಿಯ ಊಟ ಬದಲಿಸಿ, ಬಿಸಿ ಹೆಚ್ಚು ಕಡಿಮೆ ಮಾಡಿ, ಜಾಸ್ತಿ ಬರುವ ಹಾಗೆ ನೋಡುತ್ತಿದ್ದಾರೆ. ಮುಂದಿನ ತಿಂಗಳು ಬೇರೊಂದು ದೊಡ್ಡ ಪರೀಕ್ಷೆ ಇದೆ. ಏನೇ ಆದರೂ ಬರೆಯುತ್ತೇನೆ.

ಕಾಲಿನ ವಿಷಯ ನೀನು ಒಂದು ಸಾಲೂ ಬರೆದಿಲ್ಲ. ಬರೆಯದಿದ್ದರೆ ವಾಸಿಯಾಗಿದೆ ಎಂದುಕೊಳ್ಳಲಾ?

ನಿನ್ನ
ಚಿಗಟ


ಮೇ 6

ಮಗೂ,

ನಾನು ನಿನ್ನ ಅತ್ತೆ. ಬರೆಯಬೇಡ ಎಂದು ನಿನ್ನಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದ. ಇನ್ನು ನನ್ನಿಂದಾಗುವುದಿಲ್ಲ.

ಮಾರ್ಚಿನಲ್ಲೇ ಡಾಕ್ಟರು ಕಾಲು ತೆಗೆಯಬೇಕು ಅಂದರು. ಮಂಡಿಯ ಮೇಲಕ್ಕೆ. ತೆಗೆದರೆ ಹುಳ ಅಲ್ಲಿಗೇ ನಿಲ್ಲುತ್ತದೆ, ತಡ ಮಾಡಿದರೆ ರಕ್ತಕ್ಕೆ ಇಳಿಯುತ್ತದೆ ಅಂದರು. ಅಣ್ಣ ಸಹಿ ಹಾಕಲಿಲ್ಲ. "ನನ್ನ ಮಗಳು ತಿಳಿ ಕಳಿಸ್ತಾಳೆ, ತೊಗಟೆದು, ಅವರ ಮೇಡಂ ಇಳಿಸ್ತಿದಾರೆ" ಎಂದು ಕೂತುಬಿಟ್ಟ. ನಾನೂ ಹಾಗೇ ನಂಬಿದೆ ಕಣೇ. ಕಷಾಯ ಇಳಿಸಿ ಮೇಲಿನ ತಿಳಿ ಬಗ್ಗಿಸಿಕೊಳ್ಳುವ ಹಾಗೆ ನೀವೂ ಏನೋ ಮಾಡುತ್ತಿದ್ದೀರಿ ಎಂದುಕೊಂಡೆ. ಹಳೆಯ ಕೆಮ್ಮಿನ ಔಷಧಿಯ ಸೀಸೆ ತಂದು ಕುದಿಸಿ ಒಣಗಿಸಿ ಇಡು ಅಂದ. ಇಟ್ಟೆ. ಮಂಚದ ಪಕ್ಕದಲ್ಲಿ ಅದು ಬಾಯಿ ತೆರೆದುಕೊಂಡು ನಿಂತಿದೆ. ನಿನ್ನ ಏಪ್ರಿಲ್ ಕಾಗದ ಬಂದ ದಿನ "ಸ್ವಲ್ಪವೇ ಬರ್ತಿದೆಯಂತೆ, ಸೀಸೆ ತುಂಬೋಕೆ ಟೈಮ್ ಬೇಡ್ವಾ" ಎಂದು ಬಸ್ ಡ್ರೈವರಿಗೆ ವಿವರಿಸಿದ.

ಈಗ ದಿನಾ ಸಂಜೆ ಜ್ವರ. ಡಾಕ್ಟರಿಗೆ ನಿನ್ನ ಕಾಗದ ತೋರಿಸಿದೆ. ಅವರು ಓದಿ, "ಅಮ್ಮಾ, ಇದರಲ್ಲಿ ಸೀಸೆಗೆ ತುಂಬೋ ಅಂಥದ್ದು ಏನೂ ಇಲ್ಲ" ಅಂದರು.

ನೀನು ಒಂದು ಉಪಕಾರ ಮಾಡು. ತಿಳಿ ರೆಡಿ ಇದೆ, ಆದರೆ ಕಾಲು ತೆಗೆದ ಮೇಲೆಯೇ ಅದು ಹತ್ತುವುದು ಎಂದು ಬರೆದುಬಿಡು. ಆಮೇಲೆ ಒಂದು ಸೀಸೆ ಬಣ್ಣದ ನೀರು ಕಳಿಸು. ಖುಷಿಯಿಂದ ಸಹಿ ಹಾಕುತ್ತಾನೆ. ಪ್ರಾಣ ಉಳಿಸುವ ಸುಳ್ಳಿಗೆ ಪಾಪ ಅಂಟುವುದಿಲ್ಲ.

ನಿನ್ನ
ಅತ್ತೆ


ಮೇ 10

ಅಪ್ಪಾ,

ಇದನ್ನು ನಿಧಾನವಾಗಿ ಓದು. ಡ್ರೈವರಿಗೆ ಓದಿ ಹೇಳುವ ಮೊದಲು ನೀನೊಬ್ಬನೇ ಓದು.

ನಾನು ಬರೆದ ತಿಳಿ ನೀನು ಅಂದುಕೊಂಡ ತಿಳಿಯಲ್ಲ. ಅದು ನೀರಲ್ಲ, ರಸವಲ್ಲ. ಸೀಸೆಗೆ ಬರುವಂಥದ್ದೇ ಅಲ್ಲ. ಗಾಜಿನ ತಟ್ಟೆಯ ತುಂಬ ಹುಳ ಹಬ್ಬಿದರೆ ತಟ್ಟೆ ಹಬೆ ಕೂತ ಕನ್ನಡಿಯ ಹಾಗೆ ಮಸುಕಾಗುತ್ತದೆ. ತೊಗಟೆಯ ಜೀವಿಯನ್ನು ಇಟ್ಟ ಕಡೆ ಮಾತ್ರ, ಅದರ ಸುತ್ತ ಬಳೆಯಷ್ಟು ಜಾಗದಲ್ಲಿ, ಹುಳ ಬೆಳೆಯುವುದಿಲ್ಲ. ಕನ್ನಡಿಯಲ್ಲಿ ಬೆರಳಿಂದ ಒರೆಸಿದ ಹಾಗೆ ಅಲ್ಲಿ ತಿಳಿಯಾಗಿ ಕಾಣುತ್ತದೆ. ಅದನ್ನು ನಾವು ಇಲ್ಲಿ ತಿಳಿ ಅನ್ನುತ್ತೇವೆ. ಅದು ಒಂದು ಖಾಲಿ ಜಾಗ ಅಪ್ಪಾ. ಏನೂ ಇಲ್ಲದಿರುವುದಕ್ಕೆ ಇಟ್ಟ ಹೆಸರು. ಇಲ್ಲಿ ಎಲ್ಲರೂ ದಿನಕ್ಕೆ ಹತ್ತು ಸಲ ಅನ್ನುತ್ತಾರೆ, ನನ್ನ ಬಾಯಿಗೂ ಅದೇ ಬಂತು. ನಿನಗೆ ಬಿಡಿಸಿ ಹೇಳಬೇಕು ಎಂದು ಹೊಳೆಯಲೇ ಇಲ್ಲ.

ಇನ್ನೂ ಒಂದು ಇದೆ. ದೊಡ್ಡ ಪರೀಕ್ಷೆ ಇದೆ ಎಂದಿದ್ದೆನಲ್ಲ, ಅದು ಮುಗಿಯಿತು. ಆ ಜೀವಿ ಉಗುಳುವುದನ್ನು ರಕ್ತದ ಜೊತೆ ಸೇರಿಸಿ ನೋಡಿದರು. ರಕ್ತದ ಕಣಗಳೂ ಒಡೆದುಹೋದವು. ಹುಳವನ್ನು ಕೊಲ್ಲುವುದೇ ಮನುಷ್ಯನನ್ನೂ ಕೊಲ್ಲುತ್ತದೆ. ಮೇಡಂ ಆ ತಟ್ಟೆಗಳನ್ನು ಬದಿಗಿಟ್ಟು, "ಹುಳ ಕೊಲ್ಲೋದು ಏನು ಮಹಾ, ಬೆಂಕಿನೂ ಕೊಲ್ಲುತ್ತೆ. ಮನುಷ್ಯನ್ನ ಬಿಟ್ಟು ಹುಳ ಮಾತ್ರ ಕೊಲ್ಲೋದು ಸಿಗಬೇಕಲ್ಲ" ಅಂದರು. ಇಂಥದ್ದು ಸಿಕ್ಕಿದ್ದು ಇದೇ ಮೊದಲಲ್ಲವಂತೆ, ಹೆಚ್ಚು ಪಾಲು ಹೀಗೇ ಆಗುತ್ತದಂತೆ. ಒಂದು ವೇಳೆ ಒಳ್ಳೆಯದೇ ಆಗಿದ್ದರೂ ರೋಗಿಯ ಹತ್ತಿರ ಬರಲು ವರ್ಷಗಟ್ಟಲೆ ಹಿಡಿಯುತ್ತಿತ್ತು.

ಆದ್ದರಿಂದ ಮದ್ದು ಬರುವುದಿಲ್ಲ. ಈ ತಿಂಗಳೂ ಇಲ್ಲ, ಮುಂದಿನ ತಿಂಗಳೂ ಇಲ್ಲ. ನೀನು ಹಲಗೆಯ ಹಾಗೆ ಕಾಯಬೇಡ. ಹಲಗೆ ಕಾದಷ್ಟೂ ಗಟ್ಟಿಯಾಗುತ್ತದೆ, ಕಾಲು ಹಾಗಲ್ಲ. ಇವತ್ತೇ ಸಹಿ ಹಾಕು.

ನಿನಗೊಂದು ಸುಳ್ಳು ಹೇಳಿ ಸಹಿ ಹಾಕಿಸು ಎಂದು ಅತ್ತೆ ಬರೆದಿದ್ದಳು. ಅವಳ ಮೇಲೆ ಸಿಟ್ಟಾಗಬೇಡ. ನನಗೆ ಆಗಲಿಲ್ಲ. ನನ್ನ ಮಾತು ನಂಬಿ ನೀನು ಇಷ್ಟು ದೂರ ಬಂದಿದ್ದೀಯ, ಇನ್ನು ಸುಳ್ಳಿನ ಮೇಲೆ ನಿನ್ನನ್ನು ನಿಲ್ಲಿಸಲಾರೆ.

ನಿನ್ನ
ಚಿಗಟ


ಮೇ 17

ಚಿಗಟಕ್ಕೆ,

ಜ್ವರ ಇದೆ, ಜಾಸ್ತಿ ಬರೆಯುವುದಿಲ್ಲ.

ನಿನ್ನ ಕಾಗದ ಎರಡು ಸಲ ಓದಿದೆ. ಅದು ನಿನ್ನ ಮಾತಿನ ಹಾಗಿಲ್ಲ. ನಿನ್ನ ಮೇಡಂ ಹೇಳಿ ಬರೆಸಿದ್ದು ಎಂದು ನನಗೆ ಗೊತ್ತಾಗುತ್ತದೆ. ಪರೀಕ್ಷೆ ಮುಗಿಯುವ ಮೊದಲು ಹೊರಗೆ ಕೊಡಬಾರದು ಎಂದು ಕಟ್ಟುನಿಟ್ಟು ಇರಬಹುದು. ಇರಲೇಬೇಕು. ನಮ್ಮ ಮಿಲ್ಲಿನಲ್ಲೂ ಲೆಕ್ಕ ಆಗದೆ ಒಂದು ತುಂಡು ಹೊರಗೆ ಹೋಗುವಂತಿರಲಿಲ್ಲ.

ನನಗಾಗಿ ಕದ್ದು ತರಬೇಡ. ಅವರು ಕೊಟ್ಟಾಗ ತಾ. ಇರುತ್ತೇನೆ.

ನಿನ್ನ
ಅಪ್ಪ


ಜುಲೈ 2

ನಿನಗೆ,

ಅಣ್ಣ ಹೋಗಿ ಒಂದು ತಿಂಗಳಾಯಿತು. ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಎದೆಯಲ್ಲಿಟ್ಟುಕೊಂಡು ಹೊಲಿಗೆ ಯಂತ್ರ ತುಳಿಯಲಾಗುತ್ತಿಲ್ಲ. ಯಾರದ್ದೋ ಅಂಗಿಗೆ ಎರಡೂ ಕಡೆ ಬಲಗೈ ತೋಳು ಹಚ್ಚಿಟ್ಟಿದ್ದೇನೆ.

ತಿಳಿ ಎಂದು ಬರೆದದ್ದಕ್ಕೆ ನಿನ್ನನ್ನು ಬೈಯುವುದಿಲ್ಲ. ನೀನು ಒಂದು ಬರೆದೆ, ನಾವು ಒಂದು ಓದಿದೆವು. ನಾನೂ ಸೀಸೆ ಕುದಿಸಿಟ್ಟವಳೇ.

ಆದರೆ ಅವನ ಕೊನೆಯ ಕಾಗದ ಓದಿ ಅವತ್ತು ನೀನು ವಾರ್ಡಿಗೆ ಬಂದದ್ದು? ಅವನು ನಿನ್ನ ಕೈ ಹಿಡಿದು "ತಂದ್ಯಾ?" ಅಂದ. ಅವನಿಗೆ ಕಿವಿ ಕೇಳದು. ನೀನು ಬಾಯಿ ತೆರೆಯುವುದೇ ಬೇಕಿರಲಿಲ್ಲ. ತಲೆ ಆಡಿಸಿದ್ದರೆ ಸಾಕಿತ್ತು. ಒಂದು "ಹೂಂ" ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಬದಲಿಗೆ "ಇಲ್ಲಪ್ಪಾ" ಅಂದೆ. ಅವನು "ಏನು?" ಅಂದ. ಮತ್ತೆ ಜೋರಾಗಿ ಅಂದೆ. ಮತ್ತೆ "ಏನು?" ಅಂದ. ಕಿರುಚಿದೆ. "ಇಲ್ಲಾ! ತಿಳಿ ಇಲ್ಲಾ! ಬರೋದಿಲ್ಲಾ!" ಎಂದು. ಅಡುಗೆಯವಳು ತಟ್ಟೆಗಾಡಿ ನಿಲ್ಲಿಸಿ ನೋಡಿದಳು. ಬಸ್ ಡ್ರೈವರು ಗೋಡೆ ಕಡೆ ತಿರುಗಿ ಮಲಗಿದ. ಸಾಯುವವನ ಮುಂದೆ ಹರಾಜು ಕೂಗಿದ ಹಾಗೆ ಕೂಗಿದೆಯಲ್ಲ.

ಆಮೇಲೆ ಸಹಿ ಹಾಕಿದ, ಹೌದು. ಆದರೆ ಆಪರೇಷನ್ ಕೋಣೆಗೆ ಹೋಗುವಾಗ ಅವನ ಮುಖ ನೋಡಿದೆಯಾ ನೀನು? ಅದಾಗಲೇ ಖಾಲಿಯಾಗಿತ್ತು. ಆಸೆಯಿಂದ ಹೋಗಿದ್ದರೆ ಎದ್ದು ಬರುತ್ತಿದ್ದನೇನೋ. ನಿಜ ಹೇಳುವ ಚಟಕ್ಕೂ ಹೊತ್ತುಗೊತ್ತು ಬೇಡವಾ?

ಸದ್ಯಕ್ಕೆ ಮನೆ ಕಡೆ ಬರಬೇಡ.

ಅತ್ತೆ


ಜುಲೈ 13

ಅತ್ತೆ,

ನೀನು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಕೂಗಿದ್ದು ಹೌದು.

ಮೊದಲ ಸಲವೇ ಅವನಿಗೆ ಅರ್ಥವಾಗಿತ್ತು. ನೀನು ಮಂಚದ ಆ ತುದಿಯಲ್ಲಿದ್ದೆ, ನಾನು ಅವನ ಮುಖದ ಹತ್ತಿರ ಇದ್ದೆ. ನನ್ನ ತುಟಿ ನೋಡಿಯೇ ಅವನಿಗೆ ಗೊತ್ತಾಯಿತು. ಎರಡನೇ ಸಲ, ಮೂರನೇ ಸಲ "ಏನು?" ಎಂದದ್ದು ಕೇಳಿಸದೆ ಅಲ್ಲ. ಬೇರೆ ಉತ್ತರ ಬರಲಿ ಅಂತ. ಮೂರು ಸಲವೂ ನನಗೆ ಅವಕಾಶ ಕೊಟ್ಟ. ನಾನು ಮೂರು ಸಲವೂ ಅದನ್ನೇ ಹೇಳಿದೆ. ಆಮೇಲೆ ಅವನು ನನ್ನ ಗಲ್ಲ ಹಿಡಿದು, "ಹಾಗಾದ್ರೆ ಆ ಕಾಗದ ನೀನೇ ಬರೆದಿದ್ದು" ಅಂದ. ನೀನು ಆಗ ನರ್ಸನ್ನು ಕರೆಯಲು ಹೋಗಿದ್ದೆ. "ಪೆನ್ನು ಕೊಡು" ಅಂದ.

ನಾನು "ಇಲ್ಲ" ಎಂದದ್ದಕ್ಕೆ ನೀನು ಬೈಯುತ್ತೀಯ. ಅದಕ್ಕೆ ನನಗೆ ಅಳು ಬರುತ್ತದೆ, ನಾಚಿಕೆ ಬರುವುದಿಲ್ಲ. ತಲೆ ಆಡಿಸಿದ್ದರೆ ಅವನು ಸಹಿ ಹಾಕುತ್ತಿರಲಿಲ್ಲ, ಸೀಸೆ ಎಲ್ಲಿ ಎನ್ನುತ್ತಿದ್ದ. ನನಗೆ ನುಂಗಲಾಗದ್ದು ಮಾರ್ಚಿನ ಕಾಗದ. ಬರೆದದ್ದೆಲ್ಲ ನಿಜವೇ. ಒಂದೊಂದು ಅಕ್ಷರವೂ ನಿಜ. ಸುಳ್ಳು ಹೇಳದಿದ್ದರೆ ಸಾಕು, ಯಾರಿಗೂ ಕೆಡುಕಾಗುವುದಿಲ್ಲ ಎಂದು ಇಷ್ಟು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದೆ. ಓದುವವನು ಮಂಚದ ಮೇಲಿದ್ದಾನೆ, ಅವನ ಊರಿನಲ್ಲಿ ಆ ಮಾತಿಗೆ ಬೇರೆ ಅರ್ಥ ಇದೆ, ಅವನು ಆಸೆಯ ಕಣ್ಣಿನಿಂದ ಓದುತ್ತಾನೆ ಎಂದು ಒಂದು ಕ್ಷಣ ಯೋಚಿಸಲಿಲ್ಲ.

ಕೆಲಸ ಬಿಡುತ್ತೇನೆ ಎಂದು ಮೇಡಂ ಹತ್ತಿರ ಹೋದೆ. ಅವರು ಬಿಡು ಅನ್ನಲಿಲ್ಲ, ಬಿಡಬೇಡ ಅನ್ನಲೂ ಇಲ್ಲ. ಅಪ್ಪನ ಹುಳದ ತಟ್ಟೆಗಳನ್ನು ತೋರಿಸಿ, "ಇದು ಇನ್ನೂ ಎಷ್ಟೋ ಮನೇಲಿದೆ" ಅಂದರು. ಮಾರನೇ ದಿನ ಮರ ಹತ್ತಿದೆ. ಟ್ಯಾಂಕಿನ ಹಿಂದಿನ ಮರವನ್ನಲ್ಲ.

ಇಲ್ಲಿ ನಾನೀಗ ತಿಳಿ ಅನ್ನುವುದಿಲ್ಲ. "ಹುಳ ಬೆಳೆಯದ ಜಾಗ" ಅನ್ನುತ್ತೇನೆ. ಪರೀಕ್ಷೆ ಮಾಡುವ ಅಕ್ಕ ಮೊದಲು ನಗುತ್ತಿದ್ದಳು. ಈಗ ನನ್ನ ಮುಂದೆ ಅವಳೂ ಹಾಗೇ ಅನ್ನುತ್ತಾಳೆ.

ಬರಬೇಡ ಎಂದಿದ್ದೀಯ, ಬರುವುದಿಲ್ಲ. ಆ ಅಂಗಿಯ ತೋಳು ಬಿಚ್ಚಿ ಹಚ್ಚಿದೆಯಾ?

ಚಿಗಟ


ಸೆಪ್ಟೆಂಬರ್ 20

ಮಗೂ,

ತೋಳು ಬಿಚ್ಚಿ ಹಚ್ಚಿದೆ. ಅಂಗಿಯವನು ಬಂದು ತೆಗೆದುಕೊಂಡು ಹೋದ.

ಒಂದು ಮಾತು ಕೇಳಬೇಕು. ಎರಡು ತಿಂಗಳಿಂದ ಕೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದೇನೆ. ಮಾರ್ಚಿನಲ್ಲಿ ಡಾಕ್ಟರು ಕಾಲು ತೆಗೆಯಬೇಕು ಅಂದ ದಿನವೇ ನಾನು ಅಣ್ಣನಿಗೆ ಕೊಟ್ಟ ಮಾತು ಮುರಿದು ನಿನಗೆ ಬರೆದಿದ್ದರೆ, ನೀನು ಆಗಲೇ ಬಂದು ಕೂಗಿದ್ದರೆ, ಅವನು ಉಳಿಯುತ್ತಿದ್ದನಾ?

ಪಕ್ಕದ ಮನೆಯವಳನ್ನು ಕೇಳಿದೆ. "ಹಣೇಲಿ ಬರೆದಿದ್ದು ತಪ್ಪುತ್ತಾ" ಅಂದಳು. ಬಸ್ ಡ್ರೈವರು ಮೊನ್ನೆ ಊರುಗೋಲು ಹಿಡಿದು ನೋಡಲು ಬಂದಿದ್ದ, ಅವನನ್ನು ಕೇಳಿದೆ. "ನೀವೇನ್ ಮಾಡೋಕಾಗ್ತಿತ್ತು ಅಕ್ಕಾ" ಅಂದ. ಎಲ್ಲರೂ ಒಳ್ಳೆಯವರು. ಅವರು ಹೇಳಿದ್ದು ಕಿವಿಯಿಂದ ಕೆಳಗೆ ಇಳಿಯುತ್ತಿಲ್ಲ.

ನಿನಗೆ ಸುಳ್ಳು ಬರುವುದಿಲ್ಲ ಎಂದು ಅಷ್ಟು ಬೈದವಳು ನಾನು. ಈಗ ಅದಕ್ಕಾಗಿಯೇ ನಿನ್ನನ್ನು ಕೇಳುತ್ತಿದ್ದೇನೆ.

ನಿನ್ನ
ಅತ್ತೆ


ಸೆಪ್ಟೆಂಬರ್ 27

ಅತ್ತೆ,

ಇದನ್ನೇ ನಾನು ಡಾಕ್ಟರನ್ನು ಕೇಳಿದ್ದೆ. ಅಪ್ಪ ಹೋದ ದಿನ ಅವರು ಮನೆಗೆ ಹೊರಟಿದ್ದರು, ಆಸ್ಪತ್ರೆಯ ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದೆ. ಅವರು ಚೀಲ ಕೆಳಗಿಟ್ಟು ಉತ್ತರ ಹೇಳಿದರು. ನಾಲ್ಕು ತಿಂಗಳಿಂದ ಅದು ನನ್ನ ಹತ್ತಿರವೇ ಇದೆ. ನೀನು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಕೇಳದವರಿಗೆ ಹೇಳದಿರುವುದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಈಗ ನೀನು ಕೇಳಿದ್ದೀಯ. ಹೇಳುತ್ತೇನೆ. ಆದರೆ ಕಾಗದದಲ್ಲಿ ಬರೆಯುವುದಿಲ್ಲ. ಬರೆದು ಕಳಿಸಿದ ಮಾತಿನ ಹಿಂದೆ ಓಡಿ ಹೋಗಿ ಅದನ್ನು ಹಿಡಿಯಲು ಆಗುವುದಿಲ್ಲ. ಅದು ನಿನ್ನ ಕೈಗೆ ಸಿಗುವಾಗ ನೀನು ಒಬ್ಬಳೇ ಇರುತ್ತೀಯ, ಅದು ಬೇಡ.

"ಇಲ್ಲ" ಎಂಬ ಉತ್ತರವಾಗಿದ್ದರೆ ಇಲ್ಲೇ ಬರೆದು ಮುಗಿಸುತ್ತಿದ್ದೆ. ಅಷ್ಟು ನಿನಗೆ ಈಗಾಗಲೇ ಗೊತ್ತಾಗಿರುತ್ತದೆ. ಉಳಿದದ್ದು, ಡಾಕ್ಟರು ಅದರ ಜೊತೆಗೆ ಹೇಳಿದ್ದು, ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು, ಅಪ್ಪನ ಹಟದ ಪಾಲು ಎಷ್ಟು, ಅದನ್ನೆಲ್ಲ ಎದುರು ಬದುರು ಕೂತು ಹೇಳಬೇಕು. ನೀನು ನಡುವೆ ಬೈಯಬೇಕು, ನಾನು ಸುಮ್ಮನಿರಬೇಕು. ಅರ್ಥವಾಗದಿದ್ದರೆ "ಏನು?" ಎಂದು ಕೇಳು, ಎಷ್ಟು ಸಲವಾದರೂ.

ಶನಿವಾರದ ಬಸ್ಸಿಗೆ ಬರುತ್ತೇನೆ. ನನಗಾಗಿ ಯಂತ್ರ ನಿಲ್ಲಿಸಬೇಡ. ನೀನು ಹೊಲಿಯುತ್ತಿರು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ನೀನು ಎದ್ದು ಹೋಗು ಅನ್ನುವ ತನಕ.

ನಿನ್ನ
ಚಿಗಟ